ಕಾಣುತ್ತಿದೆ ಎಂದವಳು

ಕಣ್ಣು ತೆರೆದೇ ಇದೆ ಎಂಬುದು ಸುಮನಾಳಿಗೆ ಖಾತ್ರಿಯಾಗಿತ್ತು. ರೆಪ್ಪೆ ಮೇಲೆ ಹೋದದ್ದು, ಕೆಳಗೆ ಬಂದದ್ದು, ಊದಿಕೊಂಡ ಅಂಚುಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡಿಸಿಕೊಂಡದ್ದು ಎಲ್ಲವೂ ಗೊತ್ತಾಗುತ್ತಿತ್ತು. ಆದರೆ ತೆರೆದರೂ ಮುಚ್ಚಿದರೂ ಎದುರಿಗಿದ್ದದ್ದು ಒಂದೇ, ಆರಿದ ಒಲೆಯ ಬೂದಿಯಂಥ ಬಣ್ಣ. ಅದಕ್ಕೆ ಹತ್ತಿರ ದೂರ ಇರಲಿಲ್ಲ, ಮೇಲೆ ಕೆಳಗೆ ಇರಲಿಲ್ಲ. ರಾತ್ರಿಯಿರಬೇಕು, ಕರೆಂಟು ಹೋಗಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಬಲಗಡೆಯಿಂದ ಒಂದು ಹೆಣ್ಣುದನಿ, "ಮುಖದ ಮೇಲೆ ಬಿಸಿಲು ಬೀಳ್ತಾ ಇದೆ, ಆ ಪರದೆ ಸ್ವಲ್ಪ ಎಳೀರಿ ಸಿಸ್ಟರ್" ಎಂದಿತು. ಪರದೆಯ ಬಳೆಗಳು ಸರಳಿನ ಮೇಲೆ ಸರ್ರನೆ ಜಾರಿದವು. ಬೂದಿ ಬೂದಿಯಾಗಿಯೇ ಉಳಿಯಿತು. ಆಗ ತಾನು ಕೂಗಬೇಕಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಕೂಗಲಿಲ್ಲ. ಗಂಟಲಿನವರೆಗೆ ಬಂದ ಕೂಗನ್ನು ಎಂಜಲಿನ ಜೊತೆ ನುಂಗಿಕೊಂಡಳು. ನುಂಗುವಾಗ ನಾಲಿಗೆ ಸುರ್ರೆಂದು ಉರಿಯಿತು, ಯಾರೋ ಅದನ್ನು ಹಲ್ಲಿನಿಂದ ಜಗಿದಿಟ್ಟ ಹಾಗೆ.

"ಸುಮನಾ, ಎಚ್ಚರ ಆಯ್ತಾ? ನಾನು ಭವ್ಯಾ, ನರ್ಸ್. ಎಲ್ಲಿದೀರಿ ಅಂತ ಗೊತ್ತಾಗ್ತಿದೆಯಾ?" ತಣ್ಣಗಿನ ಬೆರಳುಗಳು ಮಣಿಕಟ್ಟಿನ ಮೇಲೆ ಬಂದು ಕೂತವು. "ಸಾಗರದ ಆಸ್ಪತ್ರೆ. ಇದು ಬಾಣಂತೀರ ಐಸಿಯು. ನಿಮಗೆ ಬಿಪಿ ತಲೆಗೇರಿ ಫಿಟ್ಸ್ ಬಂದಿತ್ತು. ಹೊಸನಗರದಲ್ಲಿ ಇಂಜೆಕ್ಷನ್ ಕೊಟ್ಟು ಇಲ್ಲಿಗೆ ಕಳಿಸಿದ್ರು. ನಿನ್ನೆ ಆಪರೇಷನ್ ಆಯ್ತು, ಹೆಣ್ಣು ಮಗು. ತೂಕ ಕಡಿಮೆ ಅಂತ ಮಕ್ಕಳ ಘಟಕದಲ್ಲಿ ಇಟ್ಟಿದಾರೆ, ಚೆನ್ನಾಗಿದೆ." ಇಷ್ಟನ್ನೂ ಅವಳು ಒಂದೇ ಉಸಿರಿಗೆ, ದಿನಕ್ಕೆ ಹತ್ತು ಜನರಿಗೆ ಹೇಳಿ ನುಣುಪಾದ ಮಾತುಗಳಲ್ಲಿ ಹೇಳಿದಳು. ಸುಮನಾ ಕೈಯನ್ನು ಹೊಟ್ಟೆಯ ಕಡೆ ಒಯ್ದಳು. ಅಲ್ಲಿದ್ದ ಗುಡ್ಡ ಇಳಿದಿತ್ತು. ಅದರ ಜಾಗದಲ್ಲಿ ಬಟ್ಟೆ, ಅಂಟು, ಮುಟ್ಟಿದರೆ ಮಿಡಿಯುವ ನೋವು. ತಾನು ಹೆತ್ತಿದ್ದೇನೆ. ಎಲ್ಲರೂ ಅದನ್ನು ನೋಡಿದ್ದಾರೆ, ತಾನೊಬ್ಬಳು ಬಿಟ್ಟು. ನರ್ಸು ಅವಳ ರೆಪ್ಪೆ ಎತ್ತಿ ಟಾರ್ಚು ಹಿಡಿದಿರಬೇಕು, ಗುಂಡಿ ಒತ್ತಿದ ಸದ್ದು ಕೇಳಿಸಿತು. "ಬೆಳಕು ಕಾಣ್ತಿದೆಯಲ್ವಾ?" ಎಂದಳು. "ಹೂಂ" ಎಂದಳು ಸುಮನಾ. "ಪಾಪೆ ಚೆನ್ನಾಗಿ ಕುಗ್ಗುತ್ತೆ, ಕಣ್ಣಿಗೇನೂ ತೊಂದರೆ ಇಲ್ಲ" ಎಂದು ನರ್ಸು ಯಾರಿಗೋ ಹೇಳಿದಳು. ಇದನ್ನು ಕೇಳಿ ಸುಮನಾಳಿಗೆ ಒಂದು ವಿಚಿತ್ರ ಅನುಮಾನ ಹುಟ್ಟಿತು. ಕಣ್ಣು ಸರಿಯಾಗಿದ್ದು ತಾನೇ ಸರಿಯಿಲ್ಲವೇನೋ, ಮನೆ ಗಟ್ಟಿಯಾಗಿ ನಿಂತು ಒಳಗಿನವರು ಎದ್ದು ಹೋದ ಹಾಗೆ.

ಕೊನೆಯದಾಗಿ ನೋಡಿದ್ದು ಯಾವುದು ಎಂದು ನೆನಪು ಮಾಡಿಕೊಳ್ಳಲು ಹೊರಟಳು. ನಿಟ್ಟೂರಿನ ಬಸ್ ನಿಲ್ದಾಣದ ಹತ್ತಿರದ ತನ್ನ ಹೊಲಿಗೆ ಅಂಗಡಿ. ಮೆಷಿನ್ನಿನ ಮೇಲೆ ಒಂದು ಹಳದಿ ರವಿಕೆಯ ತೋಳು. ತಲೆಗೆ ಬಿಗಿಯಾಗಿ ಹಗ್ಗ ಸುತ್ತಿದಂಥ ನೋವು. ಸೂಜಿಯ ಕಣ್ಣು ಎರಡಾಗಿ, ಎರಡೂ ಅಲುಗಾಡಿ, ಯಾವುದಕ್ಕೆ ದಾರ ಪೋಣಿಸಲಿ ಎಂದು ಅವಳು ನಕ್ಕಿದ್ದಳು. ಎದುರಿಗೆ ಕೂತಿದ್ದವರು ಯಾರು? ಆ ನಗುವಿನ ಆಚೆಗೆ ಏನೂ ಇರಲಿಲ್ಲ. ಅಲ್ಲಿಂದ ಈ ಮಂಚದವರೆಗೆ ಒಂದಿಡೀ ದಿನ, ಹೊಸನಗರ, ಸಾಗರ, ಒಂದು ಹೆರಿಗೆ, ಎಲ್ಲವನ್ನೂ ಕತ್ತರಿಯಿಂದ ಕತ್ತರಿಸಿ ತೆಗೆದು ಎರಡು ಅಂಚುಗಳನ್ನು ಸೇರಿಸಿ ಹೊಲಿದುಬಿಟ್ಟಿದ್ದರು.

ಆ ಕತ್ತರಿಸಿ ತೆಗೆದ ತುಂಡು ಏನಾಗಿತ್ತು ಎನ್ನುವುದು ಅತ್ತೆಯಿಂದ ತಿಳಿಯಿತು, ಅದೂ ನೇರವಾಗಿ ಅಲ್ಲ. ಒಬ್ಬೊಬ್ಬರನ್ನೇ ಒಳಗೆ ಬಿಡುವ ಹೊತ್ತಿನಲ್ಲಿ ಮಾಸ್ತಮ್ಮ ಬಂದು ಕಾಲ ಬಳಿ ನಿಂತು, ಸೊಸೆ ನಿದ್ದೆಯಲ್ಲಿದ್ದಾಳೆಂದುಕೊಂಡು ಪಕ್ಕದ ಮಂಚದ ಕಡೆ ತಿರುಗಿ ಹೇಳತೊಡಗಿದಳು. "ಅಂಗ್ಡೀಲೇ ಬಿದ್ಲು ಕಣಮ್ಮಾ. ಬಾಯಲ್ಲಿ ನೊರೆ, ಕಣ್ಣುಗುಡ್ಡೆ ಮ್ಯಾಲೆ. ನನ್ ಮಗ ಕೊಡಚಾದ್ರಿಗೆ ಜೀಪು ಬಿಡ್ತಾನೆ, ಪುಣ್ಯಕ್ಕೆ ಅವತ್ತು ಅಲ್ಲೇ ಇದ್ದ. ಜೀಪಿನಾಗೆ ನನ್ ತೊಡೆ ಮ್ಯಾಲೇ ಮಲಗ್ಸಿದ್ದು. ಸೀರೆಯೆಲ್ಲ ಒದ್ದೆ ಮಾಡ್ಕಂಬಿಟ್ಲು. ಪ್ರಜ್ಞೆನೇ ಇಲ್ಲ ಅಂದ್ಮ್ಯಾಲೆ ಅವಳಿಗೆ ಎಂತ ಗೊತ್ತಾಗ್ತದೆ." ಸುಮನಾಳ ಕಿವಿ ಬಿಸಿಯಾಯಿತು. ಜೀಪಿನಲ್ಲಿ ಯಾರು ಯಾರು ಇದ್ದರು? ಅಂಗಡಿಯ ಬಾಗಿಲಲ್ಲಿ ಯಾರು ನಿಂತು ನೋಡಿದ್ದರು? ಸೆರಗು ಜಾರದ ಹಾಗೆ ಪಿನ್ನು ಹಾಕಿಕೊಂಡು, ಅಳತೆ ತೆಗೆಯುವಾಗ ಗಿರಾಕಿಗೂ ತನಗೂ ನಡುವೆ ಟೇಪಿನಷ್ಟೇ ಅಂತರ ಇಟ್ಟುಕೊಂಡು ಬದುಕಿದವಳು ಅವಳು. ಊರಿನ ಅರ್ಧದಷ್ಟು ಜನ ನೋಡಿದ ತನ್ನ ದೇಹವನ್ನು ತಾನು ಮಾತ್ರ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಅತ್ತೆಯ ಆ "ಅಮ್ಮಾ". ಪಕ್ಕದ ಮಂಚದವಳ ದನಿ ಎಳೆಯದು, ಸುಮನಾಳದೇ ವಯಸ್ಸಿರಬೇಕು. ಅಡಿಕೆ ತೋಟದವರ ಮನೆಯ ಮಾತಿನ ಎಳೆತ ಕೇಳಿದ್ದೇ ಮಾಸ್ತಮ್ಮನ ಬೆನ್ನು ತಾನಾಗಿಯೇ ಬಾಗುತ್ತದೆ. ಅವಳ ಮಾವ ಗೇಣಿಗೆ ದುಡಿದ ಕಾಲ ಮುಗಿದು, ಜಮೀನು ಹೆಸರಿಗೆ ಬಂದು, ಗಂಡ ಸೀತಾರಾಮಪ್ಪ ಪಂಚಾಯ್ತಿ ಮೆಂಬರಾಗಿಯೂ ಆ ಬಾಗು ಉಳಿದುಕೊಂಡಿತ್ತು. ಪಕ್ಕದವಳೇ ಹೇಳಿದಳು: "ಅಮ್ಮಾ ಅನ್ಬೇಡಿ, ನಾನು ನಿಮ್ಮ ಸೊಸೆ ಓರಗೆಯವಳು. ತುಂಗಾ ಅಂತ ಹೆಸರು."

ಕಣ್ಣಿಲ್ಲದ ಕೋಣೆಯನ್ನು ಸುಮನಾ ಕಿವಿಯಿಂದ ಕಟ್ಟಿಕೊಂಡಳು. ತಲೆಯ ಹತ್ತಿರ ಹನಿಹನಿಯಾಗಿ ಔಷಧಿ ತಳ್ಳುವ ಯಂತ್ರ, ಅದರ ಔಷಧಿ ಒಳಗಿಳಿದಾಗ ಮೈತುಂಬ ಕಾದ ನೀರು ಹರಿದಂತಾಗುತ್ತದೆ. ಎಡತೋಳಿಗೆ ಸುತ್ತಿದ ಪಟ್ಟಿ ಆಗಾಗ ತಾನೇ ಉಬ್ಬಿ ತೋಳನ್ನು ಹಿಂಡಿ ಉಸ್ಸೆಂದು ಬಿಡುತ್ತದೆ. ಭವ್ಯಾಳ ಚಪ್ಪಲಿ ಸದ್ದು ಮಾಡುವುದಿಲ್ಲ, ಆದರೆ ಅವಳ ಜೇಬಿನಲ್ಲಿ ಪೆನ್ನುಗಳು ಒಂದಕ್ಕೊಂದು ತಾಗುತ್ತವೆ. ಡಾಕ್ಟರು ರಂಜನಾ ಬಂದರೆ ಮೊದಲು ಮೌನ ಬರುತ್ತದೆ, ಆಮೇಲೆ ಮೊಣಕಾಲಿನ ಮೇಲೆ ಪುಟ್ಟ ಸುತ್ತಿಗೆಯ ಏಟು. ಪಕ್ಕದ ತುಂಗಾಳನ್ನು ರಕ್ತ ಹೋಗುತ್ತಿದೆಯಾ, ತಲೆ ಸುತ್ತುತ್ತದಾ ಎಂದು ಕೇಳುತ್ತಾರೆ. ಹಾಲಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಸುಮನಾಳನ್ನು ಪ್ರತಿ ಸಲವೂ ಕೇಳುತ್ತಾರೆ, ಎದೆ ಹಿಂಡಿ ಪುಟ್ಟ ಬಟ್ಟಲಿಗೆ ಇಳಿಸಿ ಒಯ್ಯುತ್ತಾರೆ. ಈ ವ್ಯತ್ಯಾಸದಿಂದಲೇ ಸುಮನಾಳಿಗೆ ಪಕ್ಕದ ಮಂಚದ ಕಥೆ ಗೊತ್ತಾಯಿತು. ಒಮ್ಮೆ ತುಂಗಾ ಫೋನಿನಲ್ಲಿ, "ಆನು ಅರಾಮಿದ್ದಿ ಅಮ್ಮಾ. ನೀ ಅಳಡ. ಅಪ್ಪಂಗೆ ಎಂತೂ ಹೇಳಡ" ಎನ್ನುತ್ತಿದ್ದಳು. ಅಳಬೇಡ ಎಂದು ಹೇಳುತ್ತಿದ್ದವಳ ಮೂಗು ಕಟ್ಟಿತ್ತು.

ಹೇಳಿಬಿಡಬೇಕು ಎಂದು ಸುಮನಾ ನಿರ್ಧರಿಸಿದ ಹೊತ್ತಿಗೇ ಡಾಕ್ಟರು ಮಂಚದ ತುದಿಯಲ್ಲಿ ನಿಂತು ಭವ್ಯಾಳಿಗೆ ಹೇಳಿದ್ದರು: "ಬಿಪಿ ಇನ್ನೂ ಇಳೀತಿಲ್ಲ. ಬೇರೆ ಏನಾದ್ರೂ ತೊಂದ್ರೆ ಕಾಣಿಸಿದ್ರೆ ಶಿವಮೊಗ್ಗಕ್ಕೆ ಕಳಿಸಬೇಕಾಗ್ಬಹುದು, ಗಾಡಿ ರೆಡಿ ಇರಲಿ." ಗಾಡಿ ಎನ್ನುವ ಮಾತು ಸುಮನಾಳ ಬಾಯನ್ನು ಮುಚ್ಚಿತು. ಶಿವಮೊಗ್ಗಕ್ಕೆ ತಾನು ಹೋಗುವುದು, ಸಾಗರದಲ್ಲಿ ಮಗು ಉಳಿಯುವುದು. ನೋಡದೇ ಇರುವ, ಮುಟ್ಟದೇ ಇರುವ, ಹೆತ್ತದ್ದು ನೆನಪಿಲ್ಲದ ಒಂದು ಮಗು. ಅದರ ಮೇಲೆ ತನಗೆ ಏನು ಅನ್ನಿಸುತ್ತಿದೆ ಎಂದು ತನ್ನೊಳಗೆ ಹುಡುಕಿದಳು. ಏನೂ ಅನ್ನಿಸುತ್ತಿರಲಿಲ್ಲ. ಬಟ್ಟೆ ತುಂಬಿದ ಚೀಲಕ್ಕೆ ಕೈ ಹಾಕಿ ತಡಕಿದ ಹಾಗೆ ಒಳಗೆಲ್ಲ ತಡಕಿದಳು, ಬೇಕಾದ್ದು ಸಿಗಲಿಲ್ಲ. ಅದಕ್ಕೆ ನಾಚಿಕೆಯಾಯಿತು. ಪ್ರೀತಿ ಇಲ್ಲದಿದ್ದರೂ ಒಂದು ಹಟ ಇತ್ತು, ಅದು ಮಾತ್ರ ಗಟ್ಟಿಯಾಗಿತ್ತು: ಅದು ನನ್ನದು, ಅದರಿಂದ ನನ್ನನ್ನು ದೂರ ಒಯ್ಯಕೂಡದು.

ಮತ್ತು ಬೆಳ್ಳಮ್ಮ ಇದ್ದಳು. ನಿಟ್ಟೂರಿನ ಮನೆಗೆ ಸುಮನಾ ಮದುವೆಯಾಗಿ ಬಂದಾಗ ಮಾವನ ತಂಗಿ ಬೆಳ್ಳಮ್ಮ ಹಿತ್ತಿಲ ಜಗಲಿಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದಳು. ಮೊದಲ ಹೆರಿಗೆಯಲ್ಲಿ ಸನ್ನಿ ಬಡಿದು, ಕೈಕಾಲು ಸೆಟೆದು, ಕಣ್ಣು ಹೋಯಿತು ಎಂದು ಹೇಳುತ್ತಿದ್ದರು. ಗಂಡ ತವರಿಗೆ ತಂದು ಬಿಟ್ಟವನು ಮತ್ತೆ ಬರಲಿಲ್ಲ. ಅವಳ ಮಗ ಹೂವಯ್ಯನನ್ನು ಬೆಳೆಸಿದ್ದು ಮಾಸ್ತಮ್ಮ, ಹೂವಯ್ಯ 'ಅವ್ವ' ಎಂದು ಕರೆಯುವುದು ಮಾಸ್ತಮ್ಮನನ್ನೇ. ಒಂದು ಮಧ್ಯಾಹ್ನ ಹೂವಯ್ಯ ತನ್ನ ಕೂಸನ್ನು ಕರೆದುಕೊಂಡು ಬಂದಿದ್ದ. ಅದು ಅಂಬೆಗಾಲಿಕ್ಕುತ್ತ ಹೋಗಿ ಬೆಳ್ಳಮ್ಮನ ಮಡಿಲು ಹತ್ತಿತು. ಬೆಳ್ಳಮ್ಮ ಅದರ ತಲೆ, ಬೆನ್ನು, ಪಾದ, ಒಂದೊಂದನ್ನೇ ಮುಟ್ಟಿ ನೋಡುತ್ತ ಬಾಯಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು. ಮಾಸ್ತಮ್ಮ ಅಡಿಗೆಮನೆಯಿಂದ ಓಡಿ ಬಂದು, "ಬೀಳ್ಸೀಯೇ, ಕೊಡು ಇಲ್ಲಿ" ಎಂದು ಎತ್ತಿಕೊಂಡು ಹೋದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಹಾಲು ಉಕ್ಕುವ ಪಾತ್ರೆ ಇಳಿಸುವಷ್ಟೇ ಸಹಜವಾಗಿತ್ತು. ಸುಮನಾ ಕಿಟಕಿಯ ಪಕ್ಕ ಗುಂಡಿ ಹಚ್ಚುತ್ತ ಕೂತಿದ್ದಳು. ಬೆಳ್ಳಮ್ಮನ ಎರಡು ತೋಳುಗಳೂ ಕೂಸಿನಷ್ಟೇ ಅಗಲಕ್ಕೆ ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ಇದ್ದವು. ಈಗ ಈ ಮಂಚದ ಮೇಲೆ, ತನ್ನ ತೋಳುಗಳು ಎಲ್ಲಿವೆ ಎಂದು ಸುಮನಾ ನೋಡಿಕೊಳ್ಳಲು ಹೋಗಿ, ನೋಡಲಾಗುವುದಿಲ್ಲ ಎಂದು ನೆನಪಾಗಿ, ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಹಾಗಾಗಿ ನಟಿಸಿದಳು. ಮಾತು ಬಂದ ದಿಕ್ಕಿಗೆ ಮುಖ ತಿರುಗಿಸುವುದು, ಕೇಳುವ ಮೊದಲೇ ನಗುವುದು, ನೀರಿನ ಲೋಟ ಕೊಟ್ಟರೆ "ಆಮೇಲೆ" ಎನ್ನುವುದು. ಊದಿಕೊಂಡ ರೆಪ್ಪೆಗಳು ಅವಳ ಸಹಾಯಕ್ಕೆ ಬಂದವು, ಮುಚ್ಚಿದ ಕಣ್ಣನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಗಂಡ ಶಿವರಾಮ ಬಂದ. ಅವನ ಅಂಗಿಯ ಡೀಸೆಲ್ ವಾಸನೆಯಿಂದ ಬಾಗಿಲಲ್ಲೇ ಗುರುತು ಸಿಕ್ಕಿತು. ಹೆಚ್ಚು ಮಾತಾಡಲು ಬಾರದ ಗಂಡಸು, ಬಂದವನೇ ಅವಳ ಪಾದ ಮುಟ್ಟಿ, ಊತ ಒತ್ತಿ ನೋಡಿ, "ಇಳ್ದಿದೆ" ಎಂದ. ಆಮೇಲೆ ಅವಸರದಲ್ಲಿ ಫೋನು ತೆಗೆದು ಅವಳ ಕೈಗಿತ್ತ. "ನೋಡು, ಮಗು ಫೋಟೋ. ಗಾಜಿನ ಹೊರಗಿಂದ ತೆಗ್ದಿದ್ದು. ನಿನ್ನ ಹಂಗೇ ಇದಾಳೆ ಅಂತಾರೆ ಎಲ್ರೂ. ಎಂತ ಅನ್ನಿಸ್ತದೆ?" ಸುಮನಾ ಫೋನನ್ನು ಎರಡೂ ಕೈಯಲ್ಲಿ ಮುಖದ ಹತ್ತಿರ ಹಿಡಿದಳು. ಬೂದಿ. ಅವನು ಕಾಯುತ್ತಿದ್ದಾನೆ, ಅವನ ಉಸಿರು ನಿಂತಿದೆ. "ಚಂದ ಇದಾಳೆ" ಎಂದಳು. "ಮೂಗು ನೋಡ್ದ್ಯಾ?" "ನೋಡ್ದೆ. ನಿಮ್ಮದೇ." ಅವನು ನಕ್ಕ, ಆಮೇಲೆ ಮೂಗು ಸೀಟಿಕೊಂಡ. ಹೊರಗೆ ಹೋಗಬೇಕೆಂದು ಯಾರೋ ಕರೆದರು. "ಫೋನು ನಿನ್ನತ್ರನೇ ಇರ್ಲಿ, ನೋಡ್ತಿರು. ಸಂಜೆ ಬರ್ತೀನಿ" ಎಂದು ಹೋದ. ಸುಳ್ಳು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಅವನ ಹೆಜ್ಜೆ ಸದ್ದು ಅಡಗಿದ ಮೇಲೂ, ನೋಡುತ್ತಿರುವವಳ ಹಾಗೆ ಫೋನು ಹಿಡಿದು ನಗುಮುಖ ಮಾಡಿಕೊಂಡೇ ಇದ್ದಳು, ಬಾಗಿಲಲ್ಲಿ ಇನ್ನೂ ನಿಂತಿದ್ದರೆ?

"ಸ್ಕ್ರೀನ್ ಆರಿ ಎಷ್ಟೋ ಹೊತ್ತಾಯ್ತು" ಎಂದಿತು ಬಲಗಡೆಯ ದನಿ, ಮೆಲ್ಲಗೆ.

ಸುಮನಾಳ ಕೈ ಅಲ್ಲೇ ನಿಂತಿತು.

"ನಿನ್ನೆಯಿಂದ ನೋಡ್ತಾ ಇದ್ದೆ. ನಾನು ಕಿತ್ತಳೆ ಹಿಡಿದು ಕೈ ಚಾಚಿದ್ದೆ, ನೀನು ತಗೊಳ್ಲಿಲ್ಲ. ಸೊಕ್ಕು ಅಂದ್ಕೊಂಡೆ. ನಿಂಗೆ ಕಾಣ್ತಾ ಇಲ್ಲ ಅಲ್ದಾ?"

ಎಂದೂ ಕಂಡಿರದ ಒಬ್ಬಳು ಬಾಯಿ ತೆರೆದೊಡನೆ 'ನೀನು' ಎನ್ನುತ್ತಿದ್ದಾಳೆ ಎಂದು ಸುಮನಾಳೊಳಗೆ ಹಳೆಯದೇನೋ ಹೆಡೆ ಎತ್ತಿತು. ಎತ್ತಿದ್ದನ್ನು ತಡೆಯಲಿಲ್ಲ. "ನಿನಗ್ಯಾಕೆ ಅದು?" ಎಂದಳು. ತುಂಗಾ ನಕ್ಕಳು, ನಕ್ಕರೆ ಹೊಟ್ಟೆ ನೋಯುವವರ ಮುರುಕು ನಗು. "ಹೌದು, ನಂಗ್ಯಾಕೆ. ಆದ್ರೂ ಡಾಕ್ಟ್ರಿಗೆ ಹೇಳು."

"ಹೇಳಿದ್ರೆ ಶಿವಮೊಗ್ಗಕ್ಕೆ ಸಾಗಿಸ್ತಾರೆ. ಮಗು ಇಲ್ಲಿದೆ."

"ಹೇಳದಿದ್ರೆ?"

ತೋಳಿನ ಪಟ್ಟಿ ಉಬ್ಬಿತು, ಹಿಂಡಿತು, ಬಿಟ್ಟಿತು. ತುಂಗಾ ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಉಪದೇಶ ಇರಲಿಲ್ಲ, ಅಂಗಡಿಯ ದಾರಿ ಹೇಳುವವರ ದನಿಯಿತ್ತು. "ನಾನು ಹೇಳಿದ್ದೆ ಮಾರಾಯ್ತಿ. ಬೆಳಿಗ್ಗೆನೇ ಹೊಟ್ಟೆ ಕಲ್ಲಿನ ಹಂಗಾಗಿದೆ, ಮಗು ಮಿಸುಕ್ತಾ ಇಲ್ಲ ಅಂತ. ಸುಳ್ಳು ನೋವು, ಮಲಗು ಅಂದ್ರು ಮನೇಲಿ. ಮತ್ತೆ ಹೇಳ್ದೆ. ಕಷಾಯ ಕೊಟ್ರು. ರಕ್ತ ಕಂಡ ಮೇಲೇ ನಂಬಿದ್ದು. ಇಲ್ಲಿ ಹಂಗಲ್ಲ. ಇಲ್ಲಿ ಹೇಳಿದ್ರೆ ಕೇಳ್ತಾರೆ, ಕೇಳಿ ಓಡ್ತಾರೆ. ಕೇಳೋರು ಇರೋ ಜಾಗದಲ್ಲಿ ನೀನು ಬಾಯಿ ಮುಚ್ಕೊಂಡು ಬಿದ್ದಿದೀಯಲ್ಲ, ನಂಗೆ ಅದಕ್ಕೇ ಸಿಟ್ಟು." ಅಷ್ಟು ಹೇಳಿ ಅವಳು ಆಯಾಸದಿಂದ ಉಸಿರು ಬಿಟ್ಟಳು. "ಫೋನು ಇತ್ಲಾಗಿ ಚಾಚು" ಎಂದಳು.

ಸುಮನಾ ಚಾಚಿದಳು. ಮಂಚಗಳ ನಡುವಿನ ಗಾಳಿಯಲ್ಲಿ ಎರಡು ಕೈಗಳು ಸ್ವಲ್ಪ ಹೊತ್ತು ಒಂದನ್ನೊಂದು ಹುಡುಕಿದವು. ತುಂಗಾಳ ಬೆರಳು ಐಸಿನ ಹಾಗೆ ತಣ್ಣಗಿತ್ತು. ಲಾಕಿನ ನಂಬರು ಕೇಳಿ ಒತ್ತಿದಳು. ಮಗು ಕಳೆದುಕೊಂಡವಳ ಕೈಗೆ ತಾನು ಏನನ್ನು ಕೊಟ್ಟೆ ಎಂದು ಸುಮನಾಳಿಗೆ ಹೊಳೆದದ್ದು ಆಗ. "ಬೇಡ, ಕೊಡು" ಎನ್ನುವಷ್ಟರಲ್ಲಿ ತುಂಗಾ ಶುರು ಮಾಡಿದ್ದಳು. "ತಲೇಲಿ ಕೂದಲು ಬೇಕಾದಷ್ಟಿದೆ. ಮೈಬಣ್ಣ ಕೆಂಪು, ಈಗ್ಲೇ ಹೇಳಕ್ಕಾಗಲ್ಲ. ಮೂಗಿಗೆ ಒಂದು ಸಣ್ಣ ನಳಿಗೆ ಹಾಕಿದಾರೆ, ಹೆದ್ರಬೇಡ, ಹಾಲು ಕೊಡೋಕೆ ಇರಬೇಕು. ಒಂದು ಕೈ ಮೇಲೆತ್ತಿದಾಳೆ, ಬಸ್ಸಿಗೆ ಕೈ ಮಾಡ್ತಾರಲ್ಲ, ಹಂಗೆ. ಮುಖ... ಮುಖದಲ್ಲಿ ಸಿಟ್ಟಿದೆ." ಅವಳ ದನಿ ಅಲ್ಲಿ ಒಡೆಯಿತು. ಒಡೆದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. "ಸಿಟ್ಟು ಒಳ್ಳೇದೇ" ಎಂದು ಫೋನನ್ನು ಸುಮನಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.

ಡಾಕ್ಟರು ಬರುವವರೆಗೆ ಸುಮನಾ ಕಾಯಲಿಲ್ಲ. ಪೆನ್ನುಗಳ ಸದ್ದು ಹತ್ತಿರ ಬಂದಾಗಲೇ, "ಸಿಸ್ಟರ್, ಡಾಕ್ಟ್ರನ್ನ ಕರೀರಿ. ನನಗೆ ಕಣ್ಣು ಕಾಣ್ತಿಲ್ಲ" ಎಂದಳು. ಹೇಳುವಾಗ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಯಿತು. ಭವ್ಯಾ ನಿಂತಳು. "ಯಾವಾಗಿಂದ?" "ಎಚ್ಚರ ಆದಾಗಿಂದ." "ಕಾಣ್ತಿದೆ ಅಂದ್ರಲ್ರೀ!" "ಸುಳ್ಳು ಹೇಳ್ದೆ." ಪೆನ್ನುಗಳು ಓಡಿದವು. ತುಂಗಾ ಹೇಳಿದ್ದು ನಿಜ, ಇಲ್ಲಿ ಓಡುತ್ತಾರೆ. ಡಾಕ್ಟರು ರಂಜನಾ ಬಂದಾಗ ಈ ಸಲ ಮೌನ ಮೊದಲು ಬರಲಿಲ್ಲ. "ಒಂದು ದಿನ ಹಾಳು ಮಾಡಿದ್ರಲ್ಲ" ಎಂದರು. ಬೈದರೂ ಆ ದನಿಯಲ್ಲಿ ಭಯ ಇತ್ತು, ಭಯ ಕೇಳಿಸಿದ್ದರಿಂದ ಸುಮನಾಳಿಗೆ ಆ ಬೈಗುಳ ಹತ್ತಿರದವರದೆನಿಸಿತು. ಕೈ ಆಡಿಸಿ ಕೇಳಿದರು, ದೀಪ ಹಿಡಿದು ಕೇಳಿದರು, ಕಾಲು ಎತ್ತಿಸಿದರು, ಬೆರಳು ಹಿಂಡಿಸಿದರು. ಅವಳು ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಇಲ್ಲ, ಇಲ್ಲ, ಗೊತ್ತಾಗ್ತಿಲ್ಲ, ಇಲ್ಲ. ನಿನ್ನೆಯ ಎಲ್ಲ 'ಹೂಂ'ಗಳಿಗಿಂತ ಈ ಒಂದೊಂದು 'ಇಲ್ಲ' ಅವಳನ್ನು ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸುತ್ತಿತ್ತು.

ಔಷಧಿ ಬದಲಾಯಿತು. ತಳ್ಳುವ ಮಂಚದಲ್ಲಿ ಸ್ಕ್ಯಾನಿಂಗಿಗೆ ಒಯ್ದರು. ಹೊರಗೆ ಮೈಗೆ ಬಿಸಿಲು ತಾಗಿತು, ಯಾರೋ ಚಹಾ ಹೀರುವ ಸದ್ದು ಕೇಳಿತು, ಬಸ್ಸೊಂದು ತೀರ್ಥಹಳ್ಳಿ ತೀರ್ಥಹಳ್ಳಿ ಎಂದು ಕೂಗಿಸಿಕೊಂಡು ಹೋಯಿತು. ಲೋಕ ಇದ್ದ ಹಾಗೇ ಇತ್ತು, ಅವಳಿಲ್ಲದೆಯೂ ಅದಕ್ಕೆ ಏನೂ ಕೊರತೆ ಇರಲಿಲ್ಲ. ಅದಕ್ಕೆ ನೋವೆನಿಸಬೇಕಿತ್ತು, ಬದಲಿಗೆ ಬರುತ್ತೇನೆ ಇರು ಎಂದು ಅದಕ್ಕೆ ಸವಾಲು ಹಾಕುವ ಹಾಗನ್ನಿಸಿತು. ವಾಪಸು ಬಂದ ಮೇಲೆ ಡಾಕ್ಟರು ಮಂಚದ ಮೇಲೇ ಕೂತರು, ಹಾಸಿಗೆ ಒಂದು ಬದಿಗೆ ತಗ್ಗಿತು. "ಕಣ್ಣಿಗೆ ಏನೂ ಆಗಿಲ್ಲ ಸುಮನಾ. ಕಂಡಿದ್ದನ್ನ ತಿಳ್ಕೊಳ್ಳೋ ಜಾಗ ಇರ್ತದೆ ತಲೆ ಹಿಂದೆ, ಅದು ಬಿಪಿಗೆ ಊದ್ಕೊಂಡಿದೆ. ರಕ್ತನಾಳ ಏನೂ ಒಡೆದಿಲ್ಲ. ಬಿಪಿ ಇಳಿದ್ರೆ ಊತ ಇಳೀತದೆ, ಹೆಚ್ಚಿನೋರಿಗೆ ದೃಷ್ಟಿ ಬರ್ತದೆ."

"ನನಗೆ?"

"ಬರ್ತದೆ ಅಂತ ನಂಬಿದೀನಿ. ಬರ್ದು ಕೊಡಕ್ಕಾಗಲ್ಲ."

"ಶಿವಮೊಗ್ಗ?"

"ಈಗ ಬೇಡ. ಇಲ್ಲಿ ಮಾಡೋಕಾಗೋದನ್ನ ಇಲ್ಲೇ ಮಾಡೋಣ. ಆದ್ರೆ ಅಗತ್ಯ ಬಿದ್ರೆ ನಿಮ್ಮನ್ನ ಕೇಳದೇನೇ ಕಳಿಸ್ತೀನಿ, ಅದನ್ನ ಈಗ್ಲೇ ಹೇಳಿರ್ತೀನಿ."

"ಕಳಿಸಿ. ಆದ್ರೆ ಮೊದ್ಲು ಮಗೂನ ನನ್ನ ಕೈಲಿ ಕೊಟ್ಟು ಆಮೇಲೆ ಕಳಿಸಿ" ಎಂದಳು ಸುಮನಾ. ಡಾಕ್ಟರು ಅವಳ ಹಣೆಯ ಮೇಲಿನ ಕೂದಲು ಸರಿಸಿ ಎದ್ದರು.

ಅವತ್ತು ಸಂಜೆ ಹೊತ್ತಿಗೆ ಮಾಸ್ತಮ್ಮ ಬಂದಳು. ಭವ್ಯಾ ಹೊರಗೇ ಎಲ್ಲ ಹೇಳಿರಬೇಕು, ಅತ್ತೆಯ ಬಳೆ ಸದ್ದು ಬಾಗಿಲಿನಿಂದ ಮಂಚದವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಸ್ಟೂಲು ಎಳೆದು ಕೂತು, ಕಿವಿಯ ಹತ್ತಿರ ಬಾಗಿ, "ಯಾರ ಹತ್ರನೂ ಹೇಳ್ಬ್ಯಾಡ ಕಣೇ. ಊರಾಗೆ ಗೊತ್ತಾದ್ರೆ ಒಂದಕ್ಕೆ ಹತ್ತು ಸೇರಿಸ್ತಾರೆ" ಎಂದಳು. ಅವಳ ಬಾಯಿಂದ ಎಲೆಯಡಿಕೆಯ ವಾಸನೆ, ಅಳುವಿನ ವಾಸನೆ. ನಿನ್ನೆಯಾದರೆ ಸುಮನಾ ಇದೇ ಮಾತಿಗೆ ತಲೆಯಾಡಿಸುತ್ತಿದ್ದಳು, ನಿನ್ನೆ ಅವಳೂ ಇದನ್ನೇ ನಂಬಿದ್ದಳು. "ಎಲ್ರ ಹತ್ರನೂ ಹೇಳ್ತೀನಿ ಅತ್ತೆ" ಎಂದಳು. "ಫಿಟ್ಸ್ ಬಂದಿದ್ದು, ಸೀರೆ ಒದ್ದೆ ಆಗಿದ್ದು ನೀವು ಹೇಳಿದೀರಲ್ಲ, ಇದನ್ನ ನಾನು ಹೇಳ್ತೀನಿ." ಗಾಯವಾಗುವ ಹಾಗೆ ಮಾತಾಡಿದೆನೇ ಎಂದು ಒಂದು ಕ್ಷಣ ಅಳುಕಿದಳು, ಆದರೆ ನಿಲ್ಲಲಿಲ್ಲ. ಈಗ ನಿಲ್ಲಿಸಿದರೆ ಆಮೇಲೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. "ಕಣ್ಣು ಬರಬಹುದು, ಬರದೇನೂ ಇರಬಹುದು. ಎರಡ್ರಲ್ಲಿ ಯಾವುದಾದ್ರೂ ಮಗು ನನ್ನ ಮಡಿಲಲ್ಲೇ ಇರ್ಬೇಕು. ಸ್ನಾನ ನಾನೇ ಮಾಡಿಸ್ತೀನಿ, ನೀವು ನೀರು ತೋಡಿ ಕೊಡಿ. ಬೆಳ್ಳತ್ತೆ ಕೂತ ಜಾಗದಲ್ಲಿ ನಾನು ಕೂರೋಳಲ್ಲ."

ಆ ಹೆಸರು ಕೇಳಿ ಮಾಸ್ತಮ್ಮ ಎದ್ದು ಹೋಗುತ್ತಾಳೆ ಎಂದುಕೊಂಡಳು. ಸ್ಟೂಲು ಕಿರುಗುಟ್ಟಲಿಲ್ಲ. ಕೊನೆಗೆ ಮಾಸ್ತಮ್ಮ, ಯಾರಿಗೆ ಹೇಳುತ್ತಿದ್ದೇನೆ ಎಂದು ತನಗೇ ಗೊತ್ತಿಲ್ಲದ ದನಿಯಲ್ಲಿ, "ಬೆಳ್ಳಿ ಕೈಯಿಂದ ಕೂಸು ಯಾವತ್ತೂ ಬಿದ್ದಿದ್ದಿಲ್ಲ" ಎಂದಳು. ಅಷ್ಟೇ. ಸೊಸೆಯ ಕಾಲಿನ ಮೇಲಿನ ಹೊದಿಕೆ ಜಾರಿತ್ತು, ಅದನ್ನು ಪಾದದ ಕೆಳಗೆ ಸಿಕ್ಕಿಸಿ ಹೋದಳು.

ಬಿಪಿ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಪಟ್ಟಿ ತೋಳು ಹಿಂಡಿದಾಗಲೆಲ್ಲ ಸುಮನಾ ಹಲ್ಲು ಬಿಗಿಯುವುದನ್ನು ಬಿಟ್ಟು ಉಸಿರನ್ನು ನಿಧಾನ ಬಿಡಲು ಕಲಿತಳು. ಡಾಕ್ಟರು ಬಂದಾಗಲೆಲ್ಲ "ಈಗ?" ಎನ್ನುತ್ತಿದ್ದರು, ಅವಳು "ಇಲ್ಲ" ಎನ್ನುತ್ತಿದ್ದಳು, ಇಬ್ಬರೂ ಅದರಿಂದ ಎದೆಗುಂದುತ್ತಿರಲಿಲ್ಲ. ಒಂದು ಬೆಳಿಗ್ಗೆ ಭವ್ಯಾ ಪರದೆ ಸರಿಸಿದಾಗ ಬೂದಿಯ ಎಡಗಡೆ ಸ್ವಲ್ಪ ತೆಳುವಾಯಿತು. ಕನಸಿರಬೇಕೆಂದು ಸುಮ್ಮನಿದ್ದಳು. ಪರದೆ ಮತ್ತೆ ಎಳೆದರು, ದಪ್ಪವಾಯಿತು. "ಸಿಸ್ಟರ್, ಇನ್ನೊಂದು ಸಲ ಸರಿಸಿ" ಎಂದಳು. ಭವ್ಯಾ ಸರಿಸಿದಳು, ಎಳೆದಳು, ಸರಿಸಿದಳು. "ಕಿಟಕಿ ಎಡಗಡೆ ಇದೆ. ಕಿಟಕಿ ಇದೆ ಅಂತ ಗೊತ್ತಾಗ್ತದೆ, ಕಿಟಕಿ ಕಾಣ್ತಿಲ್ಲ" ಎಂದು ಸುಮನಾ ಹೇಳಿದಳು. ಅದಕ್ಕಿಂತ ಒಂದು ಗೆರೆ ಹೆಚ್ಚು ಹೇಳಲಿಲ್ಲ. ಅವತ್ತೇ ತುಂಗಾಳನ್ನು ಸಾಮಾನ್ಯ ವಾರ್ಡಿಗೆ ಒಯ್ದರು. ಗಾಲಿಮಂಚ ಪಕ್ಕಕ್ಕೆ ಬಂದಾಗ ಅವಳು ನಿಲ್ಲಿಸಲು ಹೇಳಿದಳು. "ಮನೆಗೆ ಹೋಗಿ ಎಂತ ಮಾಡ್ತೀ?" ಎಂದು ಸುಮನಾ ಕೇಳಿದಳು. "ಮೊದ್ಲು ಜಗಳ ಮಾಡ್ತೆ" ಎಂದಳು ತುಂಗಾ, ತನ್ನ ಮನೆಯ ಮಾತಿನಲ್ಲಿ, "ಒಬ್ಬೊಬ್ಬರ ಹತ್ರನೂ." ಎದುರಿಗೆ ಬೆಳಕಿನ ಮೇಲೆ ಒಂದು ಕಪ್ಪು ಆಕಾರ ಅಲುಗಾಡಿ ದಾಟಿ ಹೋಯಿತು. ಕಣ್ಣು ಮರಳಿದ ಮೇಲೆ ತಾನು ಮೊದಲು ಕಂಡ ವ್ಯಕ್ತಿ ಇವಳು, ಅದೂ ಬರೀ ನೆರಳಾಗಿ ಎಂದು ಸುಮನಾಳಿಗೆ ಆಮೇಲೆ ಗೊತ್ತಾಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಒಪ್ಪಿದರು. ಗಾಲಿಕುರ್ಚಿಯಲ್ಲಿ ಕೂರಿಸಿ ಭವ್ಯಾ ತಳ್ಳಿದಳು, ಮಾಸ್ತಮ್ಮ ಜೊತೆಗೆ ಬಂದಳು. ಮಕ್ಕಳ ಘಟಕದಲ್ಲಿ ಕೈ ತೊಳೆಸಿ, ಗೌನು ತೊಡಿಸಿ, ಬೆಚ್ಚಗಿನ ಕೋಣೆಗೆ ಒಯ್ದರು. ಅಲ್ಲಿ ಎಲ್ಲವೂ ಒದ್ದೆ ಗಾಜಿನ ಆಚೆಗಿದ್ದಂತೆ ಕಾಣುತ್ತಿತ್ತು, ಬಿಳಿ ಚೌಕಗಳು, ನಡುವೆ ಓಡಾಡುವ ನೀಲಿ. ಬಲಗಡೆ ಇನ್ನೂ ಬೂದಿಯೇ. ಒಂದು ಅಳು ಕೇಳಿಸಿತು, ಅದು ತನ್ನದೇ ಮಗುವಿನದು ಎಂದು ಮೈ ಹೇಳಿತು. ಅದು ಪಕ್ಕದ ಮಗುವಿನದಾಗಿತ್ತು. ಸುಮನಾಳಿಗೆ ನಗು ಬಂದುಬಿಟ್ಟಿತು, ಎಷ್ಟೋ ದಿನಗಳ ಮೇಲೆ ನಿಜವಾದ ನಗು. ಗೌನಿನ ಗುಂಡಿ ಬಿಚ್ಚಿ, ಬಟ್ಟೆಯಿಲ್ಲದ ಮಗುವನ್ನು ತಂದು ಅವಳ ಎದೆಗೆ ಒರಗಿಸಿ ಮೇಲೆ ಶಾಲು ಸುತ್ತಿದರು. ಅಷ್ಟು ಹಗುರ ಎಂದು ಅವಳು ಊಹಿಸಿರಲಿಲ್ಲ. ಬೆನ್ನ ಮೇಲೆ ಕೈಯಿಟ್ಟಾಗ ಪಕ್ಕೆಲುಬುಗಳು ಏರಿಳಿಯುವುದು ಬೆರಳಿಗೆ ಸಿಕ್ಕಿತು. ಕತ್ತು ಬಗ್ಗಿಸಿದರೆ ಕಂಡದ್ದು ಕೂದಲಿನ ಕಪ್ಪು ಮಾತ್ರ, ಅಂಚು ಮಸುಕು. ಪ್ರೀತಿ 'ಬಂದೆ' ಎಂದು ಹೇಳಿಕೊಂಡು ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಈ ಮೈಯ ಬಿಸಿ ತನ್ನದರಿಂದ ಬೇರೆಯಾಗಿದೆ, ಇದನ್ನು ಬೀಳಗೊಡಬಾರದು ಎಂಬ ಎಚ್ಚರ ಮಾತ್ರ ಅವಳಲ್ಲಿ ಇತ್ತು.

ಆಗ ಗೊತ್ತಾಯಿತು, ಮಗುವಿನ ಕೆಳಗೆ ಇನ್ನೊಂದು ಕೈ ಇದೆ. ತನ್ನ ಎರಡು ಕೈಗಳಲ್ಲದೆ ಮೂರನೆಯದು, ಒರಟು ಬೆರಳುಗಳದು, ಹಿಂದಿನಿಂದ ಬಂದು ಶಾಲಿನ ಅಡಿಯಲ್ಲಿ ಮಗುವಿನ ತೂಕದ ಅರ್ಧವನ್ನು ಹೊತ್ತು ಸುಮ್ಮನೆ ನಿಂತಿದೆ. ಯಾವಾಗ ಬಂತೆಂದು ತಿಳಿಯಲಿಲ್ಲ. ಬಹುಶಃ ಮೊದಲಿನಿಂದಲೂ ಇತ್ತು.

"ಕೈ ತೆಗೀರಿ ಅತ್ತೆ" ಎಂದಳು ಸುಮನಾ.

"ಇರ್ಲಿ ಬಿಡೇ, ಆಸರೆಗೆ."

"ತೆಗೀರಿ. ನಾನು ಹಿಡ್ಕೊಂಡಿದೀನಿ."

ಮಾಸ್ತಮ್ಮ ತೆಗೆಯಲಿಲ್ಲ. ಎಲ್ಲೋ ಒಂದು ಯಂತ್ರ ಕೂಗಿ ಸುಮ್ಮನಾಯಿತು. ಸುಮನಾ ಮತ್ತೆ ಕೇಳಲಿಲ್ಲ, ತನ್ನ ಬಲಗೈಯನ್ನು ಮಾತ್ರ ಇನ್ನಷ್ಟು ಕೆಳಗೆ ಜಾರಿಸಿ, ಅಂಗೈ ಅಗಲಿಸಿ ಕಾದಳು. ಆಮೇಲೆ ಆ ಒರಟು ಬೆರಳುಗಳು ಒಂದೊಂದಾಗಿ, ಕಿರುಬೆರಳು ಮೊದಲು, ಸಡಿಲವಾದವು. ಮಗುವಿನ ತೂಕ ಪೂರ್ತಿಯಾಗಿ ಅವಳ ಕೈಗಳ ಮೇಲೆ ಬಂತು.